ಜಾಡು ಕ್ಯಾಮರಾ ಕೊಳ್ಳುವವರಿಗೆ

ಹೊಟ್ಟೆಪಾಡಿಗೆಂದು ಮುಂಬಯಿ ಸೇರಿದ್ದರೂ ಊರಿನಲ್ಲಿ ತುಂಡು ತೋಟವನ್ನೋ ಎರಡು ಮಡಿ ಗದ್ದೆಯನ್ನೋ ಉಳಿಸಿಕೊಂಡವರು ನಮ್ಮ ವಾಚನಾಲಯದ ಬಳಗದಲ್ಲಿ ಅನೇಕರಿದ್ದಾರೆ. ಅವರಿಗೆ ಊರಿನಿಂದ ಬರುವ ಸುದ್ದಿಗಳಲ್ಲಿ ಒಂದು ಬಗೆ ಎಲ್ಲರಿಗೂ ಪರಿಚಿತವಾದದ್ದು. ರಾತ್ರಿ ಬೆಳಗಾಗುವುದರೊಳಗೆ ಬಾಳೆ ಉರುಳಿದೆ; ಗೆಣಸಿನ ಪಾತಿ ಅಗೆದು ಹಾಕಿದೆ; ಅಂಗಳದಲ್ಲಿ ಮಲಗಿದ್ದ ನಾಯಿ ಇಲ್ಲ. ಮಾಡಿದ್ದು ಯಾವುದೆಂದು ಕೇಳಿದರೆ ಮನೆಯಲ್ಲಿರುವ ಅಣ್ಣ ಕಾಡುಹಂದಿ ಎನ್ನುತ್ತಾನೆ, ತೋಟದ ಆಳು ಮುಳ್ಳುಹಂದಿ ಎನ್ನುತ್ತಾನೆ, ಪಕ್ಕದ ಮನೆಯವರು ಖಂಡಿತವಾಗಿ ಚಿರತೆಯೇ ಎನ್ನುತ್ತಾರೆ.

ಇದು ಬರಿಯ ಹರಟೆಯ ವಿಷಯವಲ್ಲ. ಹಂದಿಗೆ ಹಾಕುವ ಬೇಲಿ ಬೇರೆ, ಮುಳ್ಳುಹಂದಿಯಿಂದ ಗಿಡದ ಬುಡವನ್ನು ಕಾಯುವ ಉಪಾಯ ಬೇರೆ. ಬಂದದ್ದು ಚಿರತೆಯಾದರೆ ಬೇಲಿಗಿಂತ ಮೊದಲು ಕರುವನ್ನೂ ನಾಯಿಯನ್ನೂ ಒಳಗೆ ಕಟ್ಟಬೇಕು, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬಾರದು. ಊಹೆಯ ಮೇಲೆ ಹಣ ಸುರಿದರೆ ಹಣವೂ ಹೋಯಿತು, ಬೆಳೆಯೂ ಹೋಯಿತು. ಇನ್ನೂ ಕೆಟ್ಟದ್ದೆಂದರೆ, ಸಿಟ್ಟಿನಲ್ಲಿ ಹಂದಿಗೆಂದು ಉರುಳು ಒಡ್ಡುವುದು ಅಥವಾ ತಂತಿಗೆ ಕರೆಂಟು ಕೊಡುವುದು. ಹಂದಿಗೆ ಒಡ್ಡಿದ ಉರುಳಿಗೆ ಚಿರತೆ ಬಿದ್ದು ಸತ್ತದ್ದೂ, ಕರೆಂಟಿನ ತಂತಿಗೆ ಆನೆ ಮಾತ್ರವಲ್ಲ ಮನುಷ್ಯರೇ ಬಲಿಯಾದದ್ದೂ ನಮ್ಮ ನಾಡಿನಲ್ಲಿ ನಡೆದಿದೆ. ಆದುದರಿಂದ ರಾತ್ರಿ ಬರುವ ಅತಿಥಿ ಯಾರೆಂದು ಮೊದಲು ತಿಳಿಯುವುದೇ ಮೇಲು. ಅದಕ್ಕೆ ಈಗ ಸಾಮಾನ್ಯ ಸಂಸಾರಿಯ ಕೈಗೂ ಎಟಕುವ ಬೆಲೆಯಲ್ಲಿ ಒಂದು ಸಾಧನ ದೊರೆಯುತ್ತದೆ. ಇಂಗ್ಲಿಷಿನವರು ಅದನ್ನು ಟ್ರೇಲ್ ಕ್ಯಾಮರಾ ಎನ್ನುತ್ತಾರೆ, ಅರಣ್ಯ ಇಲಾಖೆಯವರ ಬಾಯಲ್ಲಿ ಕ್ಯಾಮರಾ ಟ್ರ್ಯಾಪ್. ಪ್ರಾಣಿಯ ಜಾಡಿನಲ್ಲಿ ಕಾದು ಕೂರುವುದರಿಂದ ಜಾಡು ಕ್ಯಾಮರಾ ಎಂದು ಕರೆಯೋಣ.

ನೋಡುವುದಕ್ಕೆ ಅದು ಊಟದ ಡಬ್ಬಿಯಷ್ಟು ಗಾತ್ರದ ಒಂದು ಪೆಟ್ಟಿಗೆ. ಪಟ್ಟಿಯಿಂದ ಮರಕ್ಕೆ ಬಿಗಿದು ಬಂದರೆ ಆಯಿತು. ಎದುರಿಗೆ ಬಿಸಿಮೈಯ ಪ್ರಾಣಿ ಹಾದಾಗ ತಾನಾಗಿ ಎಚ್ಚೆತ್ತು ಚಿತ್ರ ತೆಗೆಯುತ್ತದೆ, ತಾರೀಕು ಗಂಟೆಗಳನ್ನು ಅದರ ಮೇಲೆ ಬರೆಯುತ್ತದೆ, ಮತ್ತೆ ನಿದ್ದೆಹೋಗುತ್ತದೆ.

ಈ ಉಪಾಯ ಹೊಸದೇನಲ್ಲ. ಅಮೆರಿಕದ ಜಾರ್ಜ್ ಶೈರಸ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಮಿಷಿಗನ್ ಪ್ರಾಂತದ ಸರೋವರದ ದಡದಲ್ಲಿ ದಾರ ಕಟ್ಟಿ, ಜಿಂಕೆ ದಾರವನ್ನು ಎಳೆದಾಗ ಕ್ಯಾಮರಾ ಕಣ್ಣು ತೆರೆಯುವಂತೆ ಮಾಡಿದ್ದ. ಅವನ ಎಪ್ಪತ್ತನಾಲ್ಕು ಚಿತ್ರಗಳು 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂದವು. ನಮ್ಮ ದೇಶದಲ್ಲಿ ಈ ಬಗೆಯ ಕೆಲಸಕ್ಕೆ ಮೊದಲಿಗನೆಂದು ಹೆಸರಾದವನು ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್. 1920ರ ದಶಕದಲ್ಲಿ ಆತ ಕಾಡಿನ ಹಾದಿಗೆ ಅಡ್ಡಲಾಗಿ ತಂತಿ ಕಟ್ಟಿ, ರಾತ್ರಿಯಲ್ಲಿ ನಡೆದುಹೋಗುವ ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದ; 1927ರಲ್ಲಿ ಅವುಗಳ ಪುಸ್ತಕ ಹೊರಬಂತು. ಬಳಿಕ 1990ರ ದಶಕದಲ್ಲಿ ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು (ಶಿವರಾಮ ಕಾರಂತರ ಮಕ್ಕಳು) ಇದೇ ಕ್ಯಾಮರಾದಿಂದ ಹುಲಿಗಳನ್ನು ಎಣಿಸುವ ಶಾಸ್ತ್ರೀಯ ಕ್ರಮವನ್ನು ಬಳಕೆಗೆ ತಂದು 1995ರಲ್ಲಿ ಪ್ರಕಟಿಸಿದರು. ನಮ್ಮ ಹೆಬ್ಬೆರಳಿನ ಗುರುತಿನಂತೆ ಹುಲಿಯ ಪಟ್ಟೆಗಳೂ ಒಂದರದು ಇನ್ನೊಂದಕ್ಕೆ ಹೋಲುವುದಿಲ್ಲವಷ್ಟೆ. ಒಂದೇ ಹುಲಿಯ ಎಡಮಗ್ಗುಲು ಬಲಮಗ್ಗುಲುಗಳೂ ಬೇರೆಬೇರೆಯಾದ್ದರಿಂದ ಹಾದಿಯ ಎರಡೂ ಬದಿಗೆ ಎದುರುಬದುರಾಗಿ ಎರಡು ಕ್ಯಾಮರಾ ಇಡುತ್ತಾರೆ. ಅಲ್ಲಿಂದ ಈ ಕ್ರಮ ಎಷ್ಟು ಬೆಳೆಯಿತೆಂದರೆ, 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮರಾ ಇಟ್ಟು ಸುಮಾರು ಮೂರೂವರೆ ಕೋಟಿ ಚಿತ್ರಗಳನ್ನು ತೆಗೆದರು. ಅವುಗಳಲ್ಲಿ ಹುಲಿ ಇದ್ದದ್ದು 76,651ರಲ್ಲಿ ಮಾತ್ರ! ಕ್ಯಾಮರಾ ಕೊಳ್ಳುವವರು ಈ ಲೆಕ್ಕವನ್ನು ನೆನಪಿನಲ್ಲಿಟ್ಟರೆ ಮೊದಲ ವಾರದಲ್ಲಿಯೇ ನಿರಾಶೆ ಪಡಬೇಕಾಗುವುದಿಲ್ಲ. ಇಲ್ಲಿ ನಮ್ಮ ನೆರೆಯ ಬೋರಿವಲಿಯ ಸಂಜಯ ಗಾಂಧಿ ಉದ್ಯಾನ ಮತ್ತು ಅದರ ಸುತ್ತುಮುತ್ತ 2018ರಲ್ಲಿ ನಲವತ್ತೇಳು ಚಿರತೆಗಳಿದ್ದುವೆಂದು ಗೊತ್ತಾದದ್ದೂ ಈ ಪೆಟ್ಟಿಗೆಗಳಿಂದಲೇ. ಚಿರತೆಯ ಮಚ್ಚೆಗಳೂ ಹುಲಿಯ ಪಟ್ಟೆಯಷ್ಟೇ ನಂಬಿಕೆಗೆ ಅರ್ಹ.

ಆದರೆ ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ ಕ್ಯಾಮರಾ ಹುಲಿ ಎಣಿಸುವವರಿಗಾಗಿ ಹುಟ್ಟಿದ್ದಲ್ಲ, ಅಡಕೆ ತೋಟಕ್ಕಾಗಿಯೂ ಅಲ್ಲ. ಅದು ಅಮೆರಿಕದ ಜಿಂಕೆ ಬೇಟೆಗಾರನಿಗಾಗಿ ತಯಾರಾದದ್ದು. ಅಲ್ಲಿ ಬೇಟೆಗೆ ಕಾನೂನಿನ ಒಪ್ಪಿಗೆ ಉಂಟು. ಲೈಸೆನ್ಸು ಪಡೆದು ಗೊತ್ತಾದ ಋತುವಿನಲ್ಲಿ ಬೇಟೆಯಾಡುತ್ತಾರೆ. ಋತು ಆರಂಭವಾಗುವುದಕ್ಕೆ ಮೊದಲೇ, ದೊಡ್ಡ ಕೊಂಬಿನ ಗಂಡುಜಿಂಕೆ ಯಾವ ದಾರಿಯಲ್ಲಿ ಯಾವ ಹೊತ್ತಿಗೆ ಬರುತ್ತದೆಂದು ಅರಿಯಲು ಕ್ಯಾಮರಾ ಕಟ್ಟುತ್ತಾರೆ. ಅಲ್ಲಿಯೂ ಇದಕ್ಕೆ ಆಕ್ಷೇಪ ಇಲ್ಲದಿಲ್ಲ. ಅರಿಜೋನಾ ನಾಡು ಒಣನಾಡು. ಇರುವ ನಾಲ್ಕಾರು ನೀರಿನ ಹೊಂಡಗಳ ಸುತ್ತ ಬೇಟೆಗಾರರೆಲ್ಲ ಕ್ಯಾಮರಾ ಕಟ್ಟಿದರೆ ಪ್ರಾಣಿಗೆ ತಪ್ಪಿಸಿಕೊಳ್ಳುವ ದಾರಿ ಎಲ್ಲಿ? ಈ ಕಾರಣದಿಂದ 2022ರ ಜನವರಿಯಿಂದ ಆ ನಾಡಿನಲ್ಲಿ ಬೇಟೆಗೆ ನೆರವಾಗಿ ಜಾಡು ಕ್ಯಾಮರಾ ಬಳಸುವುದನ್ನು ನಿಷೇಧಿಸಿದ್ದಾರೆ.

ನಮ್ಮಲ್ಲಂತೂ ಮಾತು ನೇರವಾದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬೇಟೆ ಅಪರಾಧ. ಹಂದಿ ಬೆಳೆ ತಿಂದಿತೆಂದು ತಾವಾಗಿ ಕೋವಿ ಎತ್ತುವಂತಿಲ್ಲ. ಅಧಿಕಾರಿಗಳ ಅನುಮತಿ ಬೇಕು. ಕಾಯ್ದೆ 'ಬೇಟೆ' ಎಂಬ ಮಾತಿಗೆ ಕೊಟ್ಟಿರುವ ಅರ್ಥದಲ್ಲಿ ಆಮಿಷ ಒಡ್ಡುವುದೂ ಸೇರಿದೆ ಎಂಬುದನ್ನು ಬಹಳ ಮಂದಿ ಅರಿಯರು. ಚಿತ್ರ ಚೆನ್ನಾಗಿ ಬರಲೆಂದು ಕ್ಯಾಮರಾದ ಮುಂದೆ ಕೋಳಿ ಕಟ್ಟುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಇಲ್ಲಿಯೇ ಬಿಟ್ಟುಬಿಡುವುದು ಒಳ್ಳೆಯದು. ಅಭಯಾರಣ್ಯದಲ್ಲಿ ಚಿತ್ರ ತೆಗೆಯಲು ಇಲಾಖೆಯ ಪರವಾನಗಿ ಬೇಕು. ಕ್ಯಾಮರಾ ಕಟ್ಟುವುದಾದರೆ ನಮ್ಮ ಸ್ವಂತ ಬೇಲಿಯ ಒಳಗೆ ಕಟ್ಟತಕ್ಕದ್ದು. ಬೇಲಿಯಾಚೆಗೆ ಮೀಸಲು ಅರಣ್ಯವಿದ್ದರೆ ವಲಯ ಅರಣ್ಯಾಧಿಕಾರಿಗೆ ಒಂದು ಮಾತು ಹೇಳಿ ಇಡುವುದು ಮೇಲು. ವನ್ಯಪ್ರಾಣಿಯಿಂದ ಬೆಳೆ ಅಥವಾ ದನಕರು ನಷ್ಟವಾದರೆ ಕರ್ನಾಟಕ ಸರಕಾರ ಪರಿಹಾರ ಕೊಡುತ್ತದೆ. ಹೇಗೂ ಅದೇ ಕಛೇರಿಗೆ ಅರ್ಜಿ ಹಿಡಿದು ಹೋಗಬೇಕಾಗುತ್ತದೆ. ಸ್ಥಳ ತನಿಖೆಗೆ ಬಂದವರ ಮುಂದೆ ತಾರೀಕು ಗಂಟೆ ಇರುವ ಚಿತ್ರವೊಂದಿದ್ದರೆ ಮಾತು ಸುಲಭವಾದೀತು.

ಇಷ್ಟು ಪೀಠಿಕೆ ಏಕೆಂದರೆ, ಅಮೆರಿಕದ ಬೇಟೆಗಾರನಿಗೆ ಒಪ್ಪುವ ಕ್ಯಾಮರಾವನ್ನು ನಾವು ಕೊಳ್ಳುತ್ತಿದ್ದೇವೆ ಎಂಬುದು ನೆನಪಿರಬೇಕು. ಅವನ ಜಿಂಕೆ ಎದೆಯೆತ್ತರದ್ದು, ಅವನ ಕಾಡು ಚಳಿಯದು, ಅವನು ಕಾಯುವುದು ಮೇವಿನ ಬಳಿ ನಿಂತು ತಿನ್ನುವ ಪ್ರಾಣಿಯನ್ನು. ನಮ್ಮದು ಸೆಕೆ, ಮಳೆ, ಇರುವೆ. ನಮ್ಮ ಪ್ರಾಣಿ ಬೇಲಿಯ ಸಂದಿನಲ್ಲಿ ನುಸುಳಿ ಓಡುವಂಥದು. ಡಬ್ಬಿಯ ಮೇಲಿನ ಹೊಗಳಿಕೆಯಲ್ಲಿ ನಮಗೆ ಬೇಕಾದುದನ್ನು ಮಾತ್ರ ಆರಿಸಿಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಮೆಗಾಪಿಕ್ಸೆಲ್. ಇಪ್ಪತ್ತು, ಮೂವತ್ತು, ನಲವತ್ತೆಂಟು ಎಂದು ಹರಾಜಿನಲ್ಲಿ ಕೂಗಿದಂತೆ ಏರಿಸುತ್ತಾರೆ. ಅಗ್ಗದ ಕ್ಯಾಮರಾಗಳಲ್ಲಿ ಈ ಅಂಕಿ ಸಾಮಾನ್ಯವಾಗಿ ಹಿಗ್ಗಿಸಿದ ಅಂಕಿ. ಒಳಗಿರುವ ಕಣ್ಣು ಕೆಲವೇ ಮೆಗಾಪಿಕ್ಸೆಲ್‌ನದು. ಉಳಿದುದನ್ನು ಯಂತ್ರ ಲೆಕ್ಕದಿಂದ ತುಂಬುತ್ತದೆ. ಹಾಲಿಗೆ ನೀರು ಬೆರೆಸಿದರೆ ಚೊಂಬು ತುಂಬೀತು, ಕೆನೆ ಹೆಚ್ಚುವುದಿಲ್ಲ. ಹಂದಿಯೋ ಮುಳ್ಳುಹಂದಿಯೋ ಎಂದು ತಿಳಿಯಲು ಈ ಅಂಕಿಯಿಂದ ಏನೂ ಆಗಬೇಕಾದುದಿಲ್ಲ. ಕ್ಯಾಮರಾದ ಒಳಗೆಯೇ ಅದನ್ನು ಕಡಮೆಗೆ ಹೊಂದಿಸಿಟ್ಟರೆ ಕಾರ್ಡಿನಲ್ಲಿ ಜಾಗ ಉಳಿಯುತ್ತದೆ.

ನಿಜವಾಗಿ ನೋಡಬೇಕಾದದ್ದು ಎಚ್ಚರವಾಗುವ ವೇಗ. ಪೆಟ್ಟಿಗೆಯ ಮುಂಭಾಗದಲ್ಲಿ ಮಂಜುಗಾಜಿನಂಥ ಒಂದು ತುಂಡು ಇರುತ್ತದೆ. ಅದರ ಹಿಂದೆ ಶಾಖದ ಬದಲಾವಣೆಯನ್ನು ಅರಿಯುವ ಸಂವೇದಕ. ಅದು ಪ್ರಾಣಿಯನ್ನು 'ನೋಡು'ವುದಿಲ್ಲ. ಸುತ್ತಲಿನದಕ್ಕಿಂತ ಹೆಚ್ಚು ಬಿಸಿಯಾದುದೇನೋ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಿತೆಂದು ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಚಿತ್ರ ಬೀಳುವ ತನಕ ಎಷ್ಟು ಹೊತ್ತು ಎಂಬುದೇ ಪ್ರಶ್ನೆ. ಒಳ್ಳೆಯದರಲ್ಲಿ ಅರ್ಧ ಸೆಕೆಂಡಿಗೂ ಕಡಮೆ, ಕಳಪೆಯದರಲ್ಲಿ ಒಂದು ಸೆಕೆಂಡಿಗೂ ಹೆಚ್ಚು. ಒಂದು ಸೆಕೆಂಡು ಏನು ಮಹಾ ಎನ್ನಬೇಡಿ. ಸುಮ್ಮನೆ ನಡೆಯುವ ಪ್ರಾಣಿ ಸಹ ಅಷ್ಟರಲ್ಲಿ ಒಂದು ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಮೂರು ಮೀಟರು ದೂರದಿಂದ ನೋಡುವ ಕ್ಯಾಮರಾಕ್ಕೆ ಕಾಣುವ ಅಗಲವೇ ಎರಡು ಎರಡೂವರೆ ಮೀಟರು. ಹಾಗಾಗಿ ದೊರೆಯುವುದು ಬಾಲ, ಇಲ್ಲವೆ ಬರಿಯ ಪೊದೆ. ನೀರಿನ ತೊಟ್ಟಿಯ ಬಳಿ ನಿಂತು ಕುಡಿಯುವ ಪ್ರಾಣಿಗೆ ನಿಧಾನದ ಕ್ಯಾಮರಾ ಸಾಕು, ಬೇಲಿಯ ಸಂದಿಗೆ ಸಾಲದು. ಎಲ್ಲಿ ಇಡುತ್ತೇವೆ ಎಂಬುದನ್ನು ಮೊದಲು ತೀರ್ಮಾನಿಸಿ ಆಮೇಲೆ ಕೊಳ್ಳಬೇಕು. ಒಂದು ಚಿತ್ರ ತೆಗೆದು ಮುಂದಿನದಕ್ಕೆ ಸಿದ್ಧವಾಗಲು ಬೇಕಾಗುವ ಕಾಲವನ್ನೂ ವಿಚಾರಿಸಿ. ಇದನ್ನು ಡಬ್ಬಿಯ ಮೇಲೆ ಬರೆಯುವುದು ಅಪರೂಪ. ತಾಯಿಹಂದಿಯ ಚಿತ್ರ ಬಂದು ಹಿಂದಿನ ಎಂಟು ಮರಿಗಳು ತಪ್ಪಿಹೋಗುವುದು ಇದರಿಂದಲೇ.

ಶಾಖದ ಸಂವೇದಕಕ್ಕೆ ನಮ್ಮ ಸೀಮೆಯಲ್ಲಿ ಒಂದು ಸಂಕಟ ಉಂಟು. ಬೇಸಗೆಯ ಮಧ್ಯಾಹ್ನ ಗಾಳಿ, ನೆಲ, ಬಂಡೆ ಎಲ್ಲವೂ ಪ್ರಾಣಿಯ ಮೈಯಷ್ಟೇ ಬಿಸಿಯಾದಾಗ ಅದಕ್ಕೆ ಭೇದ ತಿಳಿಯುವುದಿಲ್ಲ. ಕಣ್ಣೆದುರಿಗೆ ಹಾದರೂ ಸುಮ್ಮನಿದ್ದೀತು. ಅದೇ ಹೊತ್ತಿನಲ್ಲಿ ಬಿಸಿಲಿಗೆ ಕಾದ ಬಾಳೆಲೆ ಗಾಳಿಗೆ ಆಡಿದರೆ ಪ್ರಾಣಿಯೆಂದು ಭ್ರಮಿಸಿ ಚಿತ್ರದ ಮೇಲೆ ಚಿತ್ರ ತೆಗೆಯುತ್ತದೆ. ಎದುರಿನ ಹುಲ್ಲು, ಆಡುವ ಕೊಂಬೆ ಇವನ್ನು ಕತ್ತಿಯಿಂದ ಸವರಿ, ಕ್ಯಾಮರಾದ ಮುಖವನ್ನು ಉತ್ತರಕ್ಕೆ ತಿರುಗಿಸಿದರೆ ಅರ್ಧ ಕಾಟ ತಪ್ಪುತ್ತದೆ. ಪೂರ್ವಕ್ಕೋ ಪಶ್ಚಿಮಕ್ಕೋ ಇಟ್ಟರೆ ಬೆಳಗ್ಗೆ ಸಂಜೆ ಸೂರ್ಯನಾರಾಯಣನ ಚಿತ್ರಗಳೇ ಬಂದಾವು.

ರಾತ್ರಿಯ ಬೆಳಕಿನಲ್ಲಿ ಮೂರು ಬಗೆ. ಬಿಳಿ ಮಿಂಚಿನದು ರಾತ್ರಿಯಲ್ಲಿಯೂ ಬಣ್ಣದ, ಸ್ಪಷ್ಟವಾದ ಚಿತ್ರ ಕೊಡುತ್ತದೆ. ಪಟ್ಟೆ ಗುರುತಿಸಬೇಕಾದ ಹುಲಿ ಗಣತಿಯವರಿಗೆ ಅದು ಬೇಕು. ಆದರೆ ಪ್ರಾಣಿ ಬೆಚ್ಚೀತು, ಕಳ್ಳನಿಗೂ ಕ್ಯಾಮರಾ ಎಲ್ಲಿದೆಯೆಂದು ತಿಳಿದೀತು. ಉಳಿದೆರಡು ಬಗೆಗಳದು ಕಣ್ಣಿಗೆ ಕಾಣದ ಅವಕೆಂಪು ಬೆಳಕು, ಚಿತ್ರ ಕಪ್ಪುಬಿಳುಪು. 850 ನ್ಯಾನೊಮೀಟರ್ ಎಂದು ಬರೆದಿದ್ದರೆ ಬೆಳಕು ಹೆಚ್ಚು ದೂರ ಹೋಗುತ್ತದೆ, ಆದರೆ ಉರಿಯುವಾಗ ಬೀಡಿಯ ತುದಿಯಂತೆ ಮಂದ ಕೆಂಪು ಕಾಣುತ್ತದೆ. 940 ಎಂದಿದ್ದರೆ ಮನುಷ್ಯನ ಕಣ್ಣಿಗೆ ಏನೂ ಕಾಣದು, ಆದರೆ ಬೆಳಕು ದೂರ ಹೋಗದು. ಅಗ್ಗದವುಗಳಲ್ಲಿ ಓಡುವ ಪ್ರಾಣಿ ಅಳಿಸಿದಂತೆ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ತೋಟದ ಒಳಗಿನ ಪ್ರಾಣಿಗೆ 850ರದೇ ಸರಿ, ಕಾಣುವ ಕೆಂಪಿಗೆ ಹಂದಿ ಅಷ್ಟೇನೂ ಅಂಜುವುದಿಲ್ಲ. ದಾರಿಹೋಕರ ಕಣ್ಣಿಗೆ ಬೀಳುವ ಜಾಗವಾದರೆ ಮಾತ್ರ 940. ಬೆಳಕು ಮೂವತ್ತು ಮೀಟರು ಮುಟ್ಟುತ್ತದೆ ಎಂಬ ಮಾತನ್ನು ಅರ್ಧಕ್ಕೆ ಇಳಿಸಿ ನಂಬಿ.

ಬೆಲೆಯ ಲೆಕ್ಕ ಹಾಕುವಾಗ ಸೆಲ್ಲುಗಳನ್ನು ಮರೆಯುವವರೇ ಹೆಚ್ಚು. ಒಂದು ಕ್ಯಾಮರಾಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಸಣ್ಣ ಸೆಲ್ಲು ಬೇಕು. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲು ಹಾಕಿದರೆ ರಾತ್ರಿ ದೀಪ ಉರಿಯುವ ಹೊತ್ತಿಗೆ ಸೋತು ಕೂರುತ್ತದೆ. ಆಲ್ಕಲೈನ್ ಸೆಲ್ಲು ನಡೆಯುತ್ತದೆ. ಲಿಥಿಯಂ ಸೆಲ್ಲು ದುಬಾರಿ, ಆದರೆ ಬಹುಕಾಲ ಬಾಳುತ್ತದೆ. ತಿರುಗಿ ಚಾರ್ಜು ಮಾಡುವ ನಿಕೆಲ್ ಸೆಲ್ಲು ದೀರ್ಘಕಾಲದಲ್ಲಿ ಉಳಿತಾಯವೇ ಸರಿ. ಆದರೆ ಅದರ ಒತ್ತಡ 1.5 ವೋಲ್ಟ್ ಅಲ್ಲ, 1.2, ಕೆಲವು ಕ್ಯಾಮರಾಗಳು ಅದನ್ನು ಒಪ್ಪುವುದಿಲ್ಲ. ಕೊಳ್ಳುವ ಮುಂಚೆ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಚಲನಚಿತ್ರ ತೆಗೆಯುವಂತೆ ಹೊಂದಿಸಿದರೆ ಸೆಲ್ಲು ಬಲುಬೇಗ ಬರಿದಾಗುತ್ತದೆ. ಮೊದಲ ತಿಂಗಳು ಆ ಆಸೆ ಬೇಡ.

ಫೋನಿಗೆ ನೇರವಾಗಿ ಚಿತ್ರ ಕಳಿಸುವ ಕ್ಯಾಮರಾಗಳೂ ಇವೆ. ಮುಂಬಯಿಯಲ್ಲಿ ಕುಳಿತು ಊರಿನ ಹಂದಿಯನ್ನು ಆ ಕ್ಷಣದಲ್ಲಿಯೇ ನೋಡಬಹುದೆಂದರೆ ಯಾರಿಗೆ ಆಸೆಯಾಗದು? ಆದರೆ ಅಮೆರಿಕದಲ್ಲಿರುವ ಮಗನೋ ಅಳಿಯನೋ ಅಲ್ಲಿಂದ ತರುವಂಥದು ಅಲ್ಲಿನ ಫೋನ್ ಕಂಪೆನಿಗಳಿಗೇ ಹೊಂದಿಸಿದ್ದಾಗಿರುತ್ತದೆ. ಇಲ್ಲಿ ಕೆಲಸ ಮಾಡದು. ಇಲ್ಲಿನ ಸಿಮ್ಮನ್ನೇ ಹಾಕುವಂಥದಾದರೂ ತಿಂಗಳು ತಿಂಗಳು ಖರ್ಚು ಬೀಳುತ್ತದೆ, ತೋಟದ ಕೆಳಗಿನ ತೋಡಿನಲ್ಲಿ ಸಿಗ್ನಲು ಸಿಕ್ಕಬೇಕಲ್ಲ! ಮನೆಯವರು ವಾರಕ್ಕೊಮ್ಮೆ ಕಾರ್ಡು ಬದಲಿಸುವ ಸಾದಾ ಕ್ಯಾಮರಾವೇ ನಮ್ಮ ಅವಶ್ಯಕತೆಗೆ ಸಾಕು. ಕಾರ್ಡು ಹೆಸರುವಾಸಿ ಕಂಪೆನಿಯ 32 ಜಿಬಿಯದಿರಲಿ. ಅನೇಕ ಅಗ್ಗದ ಕ್ಯಾಮರಾಗಳು ಅದಕ್ಕಿಂತ ದೊಡ್ಡದನ್ನು ಓದಲಾರವು.

ಬೆಲೆ: ಅಮೆರಿಕದಲ್ಲಿ ನೂರು ಡಾಲರಿನ ಒಳಗೆ ಬಳಸಲು ಯೋಗ್ಯವಾದದ್ದು ದೊರೆಯುತ್ತದೆ, ಸಂಶೋಧಕರು ಬಳಸುವವು ನಾನೂರಕ್ಕೂ ಮೇಲೆ. ಇಲ್ಲಿ ಸಾಗಣೆಯೂ ಸುಂಕವೂ ಸೇರುತ್ತವೆ. ಕೈಯಲ್ಲಿರುವ ಹಣಕ್ಕೆ ದುಬಾರಿಯದೊಂದನ್ನು ಕೊಳ್ಳುವುದಕ್ಕಿಂತ ಮಧ್ಯಮದವು ಎರಡನ್ನು ಕೊಂಡು ಬೇಲಿಯ ಎರಡು ಸಂದಿಗೆ ಇಡುವುದು ಹೆಚ್ಚು ಪ್ರಯೋಜನ. ತೀರ ಅಗ್ಗದ, ಹೆಸರೇ ಕೇಳಿರದ ಸರಕಿಗೆ ಗ್ಯಾರಂಟಿಯೂ ಇಲ್ಲ, ರಿಪೇರಿಯೂ ಇಲ್ಲ. ಮಳೆಗಾಲವನ್ನು ಒಂದನ್ನಾದರೂ ದಾಟಬೇಕಾದರೆ ಬಾಗಿಲಿನ ಅಂಚಿಗೆ ರಬ್ಬರಿನ ಪಟ್ಟಿ ಗಟ್ಟಿಯಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಒಂದಿರಲಿ. ಸಣ್ಣ ಸಂದು ಸಿಕ್ಕಿದರೂ ಇರುವೆಗಳು ಒಳಗೆ ಮೊಟ್ಟೆ ಸಾಗಿಸುತ್ತವೆ. ಆನೆ ತಿರುಗುವ ಜಾಗವಾದರೆ ಮಾತ್ರ ಯಾವ ಗ್ಯಾರಂಟಿಯೂ ಉಪಯೋಗವಿಲ್ಲ. ಅವು ಕ್ಯಾಮರಾವನ್ನು ಕಿತ್ತು ತುಳಿಯುವುದು ಸಂಶೋಧಕರಿಗೆಲ್ಲ ಗೊತ್ತಿರುವ ಸಂಗತಿ.

ಕಟ್ಟುವ ಎತ್ತರ ಮೊಣಕಾಲಿನಷ್ಟು ಇರಲಿ. ಅಮೆರಿಕದ ಕೈಪಿಡಿ ಸೊಂಟದಿಂದ ಎದೆಯವರೆಗೆ ಎನ್ನುತ್ತದೆ. ಅದನ್ನು ಪಾಲಿಸಿದರೆ ನಮ್ಮ ಮುಳ್ಳುಹಂದಿ, ಪುನುಗುಬೆಕ್ಕು, ಬರ್ಕ ಎಲ್ಲವೂ ಕೆಳಗಿನಿಂದ ಸಲೀಸಾಗಿ ದಾಟಿಹೋದಾವು. ಜಾಡಿನಿಂದ ಮೂರು ನಾಲ್ಕು ಮೀಟರು ದೂರ ಇರಲಿ, ತೀರ ಹತ್ತಿರವಾದರೆ ರಾತ್ರಿ ಬೆಳಕಿಗೆ ಪ್ರಾಣಿಯ ಮೈ ಬಿಳುಪಾಗಿ ಮುಖವೇ ತಿಳಿಯದು. ಜಾಡಿಗೆ ನೇರ ಅಡ್ಡಲಾಗಿ ಇಡದೆ ಓರೆಯಾಗಿ ಇಟ್ಟರೆ ಪ್ರಾಣಿ ಹೆಚ್ಚು ಹೊತ್ತು ಎದುರಿಗಿರುತ್ತದೆ.

ಇನ್ನು ಮನುಷ್ಯರ ಮಾತು. ಆಳುಗಳು ಓಡಾಡುವ ದಾರಿ, ಹೆಂಗಸರು ಸೌದೆಗೆ ಬಟ್ಟೆಗೆ ಹೋಗುವ ತೋಡಿನ ಬದಿ, ಇಲ್ಲಿಗೆಲ್ಲ ಕ್ಯಾಮರಾ ತಿರುಗಿಸಬಾರದು. ಉತ್ತರಾಖಂಡದ ಕಾರ್ಬೆಟ್ ಕಾಡಿನಲ್ಲಿ ಪ್ರಾಣಿಗಳಿಗೆಂದು ಇಟ್ಟ ಕ್ಯಾಮರಾದಲ್ಲಿ ಬಹಿರ್ದೆಸೆಗೆ ಹೋದ ಹೆಂಗಸಿನ ಚಿತ್ರ ಬಿದ್ದು, ಅದು ಫೋನುಗಳಲ್ಲಿ ಹರಡಿ, ಊರಿನವರು ಕ್ಯಾಮರಾಗಳನ್ನು ಒಡೆದರೆಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ತೋಟದಲ್ಲಿ ದುಡಿಯುವವರಿಗೆಲ್ಲ ಕ್ಯಾಮರಾ ಎಲ್ಲಿದೆ, ಏಕಿದೆ ಎಂದು ಮೊದಲೇ ತೋರಿಸಬೇಕು. ಅವರು ಕೆಲಸಕ್ಕೆ ಬರುವ ಹೊತ್ತಿಗೆ ಆರಿ ಸಂಜೆ ಮತ್ತೆ ಹೊತ್ತಿಕೊಳ್ಳುವಂತೆ ಗಂಟೆ ಹೊಂದಿಸುವ ಅನುಕೂಲ ಹಲವು ಕ್ಯಾಮರಾಗಳಲ್ಲಿದೆ. ಕೊಳ್ಳುವಾಗ ಅದನ್ನು ಕೇಳಿ ಪಡೆಯಿರಿ. ಹಾಗೆಯೇ ಚಿರತೆಯದೋ ಚಿಪ್ಪುಹಂದಿಯದೋ ಚಿತ್ರ ಸಿಕ್ಕರೆ ಊರಿನ ಹೆಸರು ಹಾಕಿ ಎಲ್ಲರಿಗೂ ಹಂಚುವ ಉತ್ಸಾಹ ಬೇಡ. ಕದ್ದು ಬೇಟೆಯಾಡುವವರ ಕೈಯಲ್ಲಿಯೂ ಫೋನು ಇರುತ್ತದೆ.

ಕೊಂಡ ಕೂಡಲೆ ಊರಿಗೆ ಕಳಿಸದೆ ಇಲ್ಲಿಯೇ ಎರಡು ರಾತ್ರಿ ಪರೀಕ್ಷಿಸಿ ನೋಡುವುದು ಜಾಣತನ. ನಮ್ಮ ಮನೆಗಳಲ್ಲಿ ಕಾಡಿಲ್ಲದಿದ್ದರೂ ಉದ್ದನೆಯ ಪಡಸಾಲೆಯೋ ಮಹಡಿಯ ಮೇಲಿನ ಬಯಲೋ ಇರುತ್ತದೆ. ಅಕ್ಕಪಕ್ಕದವರಿಗೆ ಮುಂಚೆ ತಿಳಿಸಿಟ್ಟರೆ ಸಾಕು. ತಾರೀಕು ಗಂಟೆ ಸರಿಪಡಿಸಿ; ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಅದನ್ನು ನಮ್ಮ ಕ್ರಮಕ್ಕೆ ಬದಲಿಸಿ. ಕಾರ್ಡನ್ನು ಅದೇ ಕ್ಯಾಮರಾದಲ್ಲಿ ಒಮ್ಮೆ ಅಳಿಸಿ ಸಿದ್ಧಮಾಡಿ. ಪೆಟ್ಟಿಗೆಯನ್ನು ಒಂದು ಮೋರಿ ಎತ್ತರದ ಮಣೆಯ ಮೇಲಿಟ್ಟು ದೀಪ ಆರಿಸಿ, ಮನೆಯ ಮಕ್ಕಳನ್ನು ಮೂರು ಮೀಟರು, ಆರು ಮೀಟರು, ಹತ್ತು ಮೀಟರು ದೂರದಲ್ಲಿ ಅಡ್ಡಕ್ಕೆ ನಡೆಸಿ, ಆಮೇಲೆ ಓಡಿಸಿ. ಹತ್ತು ಸಲ ಹಾದರೆ ಎಷ್ಟು ಚಿತ್ರ ಬಂತು, ಅವುಗಳಲ್ಲಿ ಮುಖ ಎಷ್ಟು, ಬೆನ್ನು ಎಷ್ಟು, ಬರಿಯ ಗೋಡೆ ಎಷ್ಟು ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಮೂರು ಮೀಟರಿನಲ್ಲಿಯೇ ಅರ್ಧಕ್ಕರ್ಧ ಗೋಡೆಯೇ ಬಂದರೆ, ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಅಂಗಡಿಗೆ ಮರಳಿಸಿ ಬೇರೊಂದನ್ನು ತನ್ನಿ.